ಡಾಲರ್ ನಾಣ್ಯ ಮತ್ತು ಚೌಕಾಸಿ ಮಾಡದ ಗಿರಾಕಿ

ಮನೆ ಕಟ್ಟಿಸುವವರಿಗೆ ಎಲ್ಲಕ್ಕಿಂತ ದೊಡ್ಡ ತಲೆನೋವು ಮೋಲ್ಡ್ ಹಾಕುವ ದಿನ. ಗೋಡೆಯನ್ನು ದುಡ್ಡು ಬಂದಹಾಗೆ ಏಳಿಸಬಹುದು. ತಾರಸಿ ಕಾಂಕ್ರೀಟನ್ನು ಅರ್ಧಕ್ಕೆ ನಿಲ್ಲಿಸಲು ಬರುವುದಿಲ್ಲ. ಸಿಮೆಂಟು, ಜಲ್ಲಿ, ಮಿಕ್ಸರ್ ಬಾಡಿಗೆ, ಆಳುಗಳ ಕೂಲಿ, ಎಲ್ಲಕ್ಕೂ ಒಟ್ಟಿಗೇ ದುಡ್ಡು ಬೇಕು.

ದೊಡ್ಡಬಳ್ಳಾಪುರದ ಅಂಚಿನಲ್ಲಿ ಮನೆ ಕಟ್ಟಿಸುತ್ತಿದ್ದ ನೂರ್ಜಹಾನ್‌ಗೆ ಆ ದಿನ ಗುರುವಾರಕ್ಕೆ ನಿಗದಿಯಾಗಿತ್ತು. ಮಳೆಗಾಲ ಹತ್ತಿರ ಬಂದಿತ್ತು. ದುಡ್ಡು ಬರಬೇಕಾಗಿದ್ದದ್ದು ದುಬೈನಿಂದ. ಮಗ ಇಮ್ರಾನ್ ಅಲ್ಲಿನ ಗೋದಾಮೊಂದರಲ್ಲಿ ಕೆಲಸಕ್ಕಿದ್ದ.

ಸೋಮವಾರ ಇಮ್ರಾನ್ ಫೋನ್ ಮಾಡಿದ. "ಅಮ್ಮೀ, ಈ ಸಲ ದುಡ್ಡು ಕಳಿಸೋ ಎಕ್ಸ್‌ಚೇಂಜ್ ಅಂಗಡಿಗೆ ಹೋಗಲ್ಲ. ನನ್ನ ಫೋನಲ್ಲಿ ಎರಡು ಸಾವಿರ ಸ್ಟೇಬಲ್‌ಕಾಯಿನ್ ತಗೊಂಡಿಟ್ಟಿದೀನಿ. ಒಂದೊಂದೂ ಒಂದು ಡಾಲರ್. ಮಾಮು ಫೋನಿಗೆ ಕಳಿಸ್ತೀನಿ, ಎರಡು ನಿಮಿಷದ ಕೆಲ್ಸ. ಅಲ್ಲಿ ಮಾರಿ ರೂಪಾಯಿ ಮಾಡ್ಕೊಳ್ಳಿ."

ಮಾಮು ಎಂದರೆ ನೂರ್ಜಹಾನ್‌ಳ ತಮ್ಮ ಮುಜಾಮಿಲ್. ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಮೊಬೈಲ್ ಅಂಗಡಿ. ಅವನು ಫೋನಿನ ಯಾವುದೋ ಗ್ರೂಪಿನಲ್ಲಿ ಗಿರಾಕಿಯನ್ನೂ ಹುಡುಕಿಯಾಗಿತ್ತು. "ಆಪಾ, ಪೇಟೆ ದರಕ್ಕಿಂತ ಡಾಲರಿಗೆ ಐದು ರೂಪಾಯಿ ಜಾಸ್ತಿ ಕೊಡ್ತಾನಂತೆ! ದುಡ್ಡು ಸೀದಾ ನಿನ್ನ ಅಕೌಂಟಿಗೇ ಬರುತ್ತೆ."

ನೂರ್ಜಹಾನ್ ಮಗ್ಗದವರಿಂದ ಸೀರೆ ತಂದು ಮನೆಯಲ್ಲೇ ಮಾರುವ ಹೆಂಗಸು. ಸೊಪ್ಪು ಕೊಂಡರೂ ಕೊಸರು ಕೇಳದೆ ಬಿಟ್ಟವಳಲ್ಲ. "ಇನ್ನೊಂದು ರೂಪಾಯಿ ಏರಿಸು ಅನ್ನು ಅವನಿಗೆ," ಎಂದಳು. ಮುಜಾಮಿಲ್ ಬರೆದ. ಕಣ್ಣು ಮಿಟುಕಿಸುವುದರೊಳಗೆ 'ಓಕೆ' ಬಂತು. "ಇನ್ನೂ ಒಂದು ಕೇಳು." ಅದಕ್ಕೂ ಓಕೆ.

ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷದ ಸೀರೆ ವ್ಯಾಪಾರ ಆಕೆಗೆ ಒಂದು ವಿಷಯ ಕಲಿಸಿತ್ತು. ಬೆಲೆ ಕೇಳಿ ಮೂಗು ಮುರಿದವರು ಹೇಗೋ ದುಡ್ಡು ಕೊಡುತ್ತಾರೆ. ಹೇಳಿದ್ದಕ್ಕೆಲ್ಲ ಹೂಂ ಅಂದವರು ಸೀರೆ ಒಯ್ದ ಮೇಲೆ ಆ ಬೀದಿಗೇ ತಲೆ ಹಾಕುವುದಿಲ್ಲ.

"ಇವನು ದುಡ್ಡು ಕೊಡೋ ಗಿರಾಕಿ ಅಲ್ಲ ಕಣೋ," ಎಂದಳು.

"ಅಯ್ಯೋ ಆಪಾ, ಮೊದ್ಲು ದುಡ್ಡು ಅಕೌಂಟಿಗೆ ಬೀಳ್ಬೇಕು, ಆಮೇಲೇ ನಾವು ಕಾಯಿನ್ ಕೊಡೋದು. ಇದ್ರಲ್ಲಿ ಮೋಸ ಹೆಂಗಾಗುತ್ತೆ ಹೇಳು?"

ಸಂಜೆ ಮಹಿಳಾ ಸಂಘದವರ ಬ್ಯಾಂಕ್ ಕೆಲಸ ನೋಡಿಕೊಳ್ಳುವ 'ಬ್ಯಾಂಕ್ ಸಖಿ' ಪವಿತ್ರ ಬಂದಾಗ ನೂರ್ಜಹಾನ್ ಆಕೆಯನ್ನೇ ಕೇಳಿದಳು. ಮನೆಯಲ್ಲಿ ದಖನಿ ಆಡುತ್ತಿದ್ದವರ ಮಾತು ಕನ್ನಡಕ್ಕೆ ಹೊರಳಿತು.

"ಈ ಸ್ಟೇಬಲ್‌ಕಾಯಿನ್ ಅನ್ನೋದೇ ಸುಳ್ಳಾ ಪವಿತ್ರ?"

"ಸುಳ್ಳೇನಲ್ಲ ಅಕ್ಕ. ಹೋಟ್ಲಲ್ಲಿ ದುಡ್ಡು ಕೊಟ್ಟು ಟೋಕನ್ ತಗೋತೀವಲ್ಲ, ಹಂಗೇ ಅಂದ್ಕೊಳ್ಳಿ. ಒಂದು ಕಂಪನಿ ಒಂದು ಡಾಲರ್ ಇಸ್ಕೊಂಡು ಒಂದು ಕಾಯಿನ್ ಕೊಡುತ್ತೆ. ಆ ಡಾಲರನ್ನ ಬ್ಯಾಂಕಲ್ಲೋ ಅಮೆರಿಕ ಸರ್ಕಾರದ ಸಾಲಪತ್ರದಲ್ಲೋ ಇಡುತ್ತೆ. ಅದಕ್ಕೇ ಬೆಲೆ ಬಿಟ್‌ಕಾಯಿನ್ ತರ ಏರೋದು ಇಳಿಯೋದು ಇಲ್ಲ."

"ನಾನೂ ಅದೇ ಹೇಳಿದ್ದು!" ಎಂದ ಮುಜಾಮಿಲ್.

"ಉಪಯೋಗಾನೂ ಇದೆ ಅಣ್ಣ. ಭಾನುವಾರಾನೂ ಹೋಗುತ್ತೆ, ಬೇಗ ಹೋಗುತ್ತೆ, ಖರ್ಚೂ ಕಮ್ಮಿ. ಸ್ವಂತ ದುಡ್ಡಿಗೆ ಬೆಲೆ ಕುಸೀತಿರೋ ದೇಶಗಳಲ್ಲಿ ಜನ ಉಳಿತಾಯಾನೂ ಇದ್ರಲ್ಲೇ ಇಡ್ತಾರೆ. ಆದ್ರೆ ಒಳಗೆ ಇಡ್ಲಿ ಇರೋವರ್ಗೂ ಟೋಕನ್ನಿಗೆ ಬೆಲೆ. ಕಂಪನಿ ಹತ್ರ ಅಷ್ಟು ಡಾಲರ್ ಇಲ್ಲ ಅಂತ ಜನಕ್ಕೆ ಅನುಮಾನ ಬಂದ್ರೆ ಬೆಲೆ ಬೀಳುತ್ತೆ. ಹಿಂದೆ ಒಂದು ಕಾಯಿನ್‌ಗೆ ಹಂಗಾಗಿ, ಕೆಲವು ದಿನ ಆದ್ಮೇಲೆ ಸರಿಹೋಯ್ತು. ಬ್ಯಾಂಕ್ ಠೇವಣಿಗಿರೋ ವಿಮೆ ಇದಕ್ಕಿಲ್ಲ. ಕಾಯಿನ್ ಕಳಿಸೋ ವಿಳಾಸದಲ್ಲಿ ಒಂದಕ್ಷರ ತಪ್ಪಿದ್ರೆ ವಾಪಸ್ ತರೋರಿಲ್ಲ. ನಮ್ಮ ದೇಶದಲ್ಲಿ ಇದು ಕಾನೂನು ಒಪ್ಪಿರೋ ದುಡ್ಡಲ್ಲ, ಮಾರಿ ಲಾಭ ಬಂದ್ರೆ ನೂರಕ್ಕೆ ಮೂವತ್ತು ತೆರಿಗೆ ಬೇರೆ."

"ಅದೆಲ್ಲ ಇರ್ಲಿ," ನೂರ್ಜಹಾನ್ ತನ್ನ ಮಾತಿಗೇ ಬಂದಳು. "ಈ ಗಿರಾಕಿ ಯಾಕೆ ಕೇಳ್ದಷ್ಟೂ ಕೊಡ್ತಾನೆ?"

ಪವಿತ್ರ ಮುಜಾಮಿಲ್ ಕಡೆ ತಿರುಗಿದಳು. "ಅಣ್ಣ, ಬಿಲ್ ಇಲ್ದೆ ಯಾರೋ ಹೊಸ ಫೋನ್ ತಂದು ಅರ್ಧ ರೇಟಿಗೆ ಕೊಡ್ತೀನಿ ಅಂದ್ರೆ ತಗೋತೀರಾ?"

"ಕದ್ದ ಮಾಲು. ನಾನ್ಯಾಕ್ ತಗೊಳ್ಲಿ?"

"ಇದೂ ಅದೇ ಇರಬಹುದು. ಅವನು ಎಲ್ಲೋ ಯಾರಿಗೋ ಕೆಲ್ಸ ಕೊಡಿಸ್ತೀನಿ ಅಂತ ಟೋಪಿ ಹಾಕಿರ್ತಾನೆ. ಆ ಬಡಪಾಯಿ ಕೈಲೇ ಅಕ್ಕನ ಅಕೌಂಟಿಗೆ ದುಡ್ಡು ಹಾಕಿಸ್ತಾನೆ. ನೀವು ದುಡ್ಡು ಬಂತು ಅಂತ ಕಾಯಿನ್ ಕೊಡ್ತೀರ, ಅವನು ಮಾಯ. ಬೇರೆಯವರ ದುಡ್ಡು, ಏಳು ರೂಪಾಯಿ ಜಾಸ್ತಿ ಕೊಟ್ರೆ ಅವನಿಗೇನು ನಷ್ಟ? ಮೋಸ ಹೋದವರು ದೂರು ಕೊಟ್ಟಾಗ ಪೊಲೀಸರು ದುಡ್ಡಿನ ಜಾಡು ಹಿಡ್ಕೊಂಡು ಬರೋದು ಅಕ್ಕನ ಅಕೌಂಟಿಗೆ. ನಮ್ಮ ಸಂಘದ ರೂಪ ಅವರ ಭಾವ ಕಾಂತರಾಜು ಹಿಂಗೇ ಸಿಕ್ಕಾಕ್ಕೊಂಡ್ರು. ಅಕೌಂಟ್ ಫ್ರೀಜ್ ಆಗಿ ಯುಗಾದಿ ಹೋಯ್ತು, ದೀಪಾವಳೀನೂ ಹೋಯ್ತು. ಅವರ ಸಂಬಳಾನೂ ಅದ್ರಲ್ಲೇ ಸಿಕ್ಕಿದೆ."

ಮುಜಾಮಿಲ್ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದ. ಆದರೂ ಒಂದು ಮಾತು ಉಳಿದಿತ್ತು. "ಇವನು ಕಳ್ಳನೇ ಅಂತ ಗ್ಯಾರಂಟಿ ಏನು?"

"ಅಲ್ಲ ಅನ್ನೋದಕ್ಕೂ ಗ್ಯಾರಂಟಿ ಇಲ್ಲ. ಯಾರ ಹೆಸರಿನ ಅಕೌಂಟಿಂದ ಹಾಕ್ತೀಯ ಅಂತ ಕೇಳಿ ನೋಡಿ."

ಕೇಳಿದರು. 'ನನ್ನ ಪಾರ್ಟಿಯವರು ಹಾಕ್ತಾರೆ, ಹೆಸರು ಯಾಕೆ? ಇನ್ನೂ ಎರಡು ರೂಪಾಯಿ ಹಿಡ್ಕೊಳ್ಳಿ, ಈಗಲೇ ಮುಗಿಸಿ' ಎಂದು ಬಂತು. ಆ ಎರಡು ರೂಪಾಯಿಯೇ ಉತ್ತರವಾಗಿತ್ತು. ಮುಜಾಮಿಲ್ ಆ ನಂಬರನ್ನು ಬ್ಲಾಕ್ ಮಾಡಿದ.

ನೂರ್ಜಹಾನ್ ಮಗನಿಗೆ ಫೋನ್ ಮಾಡಿ, ಕಾಯಿನ್ ಬೇಡ, ಮೊದಲಿನ ಹಾಗೇ ಕಳಿಸು ಎಂದಳು. ಇಮ್ರಾನ್ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. "ಇಲ್ಲಿ ರೂಮಲ್ಲಿ ಎಲ್ರೂ ಹಿಂಗೇ ಕಳಿಸ್ತಾರೆ ಅಮ್ಮೀ. ವಾಪಸ್ ಮಾರಿ ಎಕ್ಸ್‌ಚೇಂಜಿಂದ ಕಳಿಸಿದ್ರೆ ಗುರುವಾರಕ್ಕೆ ದುಡ್ಡು ಸೇರಲ್ಲ. ಮೋಲ್ಡ್ ನಿಂತ್ರೆ?"

ನೂರ್ಜಹಾನ್‌ಗೆ ಸಂಕಟವಾಯಿತು. ಮೇಸ್ತ್ರಿ ಗುರುವಾರ ಬಿಟ್ಟರೆ ಸಲೀಸಾಗಿ ಕೈಗೆ ಸಿಗುವವನಲ್ಲ. ಆದರೂ ದನಿ ಗಟ್ಟಿಯಾಗಿಯೇ ಬಂತು. "ನಿಂತ್ರೆ ನಿಲ್ಲಲಿ ಬೇಟಾ. ಎಲ್ಲೋ ಒಬ್ಬ ತಾಯಿ ಕೂಡಿಟ್ಟ ದುಡ್ಡಲ್ಲಿ ನನ್ನ ಮನೆಗೆ ಸೂರು ಹಾಕಿಸ್ಲಾ? ಅದರ ಕೆಳಗೆ ನನಗೆ ನಿದ್ದೆ ಬರುತ್ತಾ?"

"ಆಯ್ತಮ್ಮೀ," ಎಂದ ಇಮ್ರಾನ್.

ಅವನು ಕಾಯಿನ್‌ಗಳನ್ನು ಅಲ್ಲೇ ಲೈಸೆನ್ಸ್ ಇರುವ ಕಡೆ ಮಾರಿ, ಎಕ್ಸ್‌ಚೇಂಜ್ ಅಂಗಡಿಯಿಂದ ತಾಯಿಯ ಖಾತೆಗೆ ಕಳಿಸಿದ. ಖರ್ಚು ಬಿತ್ತು. ಕೆಲಸ ಗುರುವಾರದಿಂದ ಶನಿವಾರಕ್ಕೆ ಹೋಯಿತು. ಮೇಸ್ತ್ರಿ ಕೂಗಾಡಿ ಒಂದು ದಿನದ ಕೂಲಿ ಹೆಚ್ಚಿಗೆ ಕೇಳಿದ. ನೂರ್ಜಹಾನ್ ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸಿದಳು. ಶನಿವಾರ ಮೋಲ್ಡ್ ಬಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರೂ ಹೊರದೇಶದಲ್ಲಿರಬಹುದು. ಡಾಲರ್ ನಾಣ್ಯದ ಬೆಲೆ ಸ್ಥಿರ ಎಂದ ಮಾತ್ರಕ್ಕೆ ಅದನ್ನು ಕೊಳ್ಳುವವನು ಸಾಚಾ ಎಂದೇನೂ ಅಲ್ಲ. ಗುರುತಿಲ್ಲದವರಿಗೆ ಮಾರಬೇಡಿ, ಇನ್ನೊಬ್ಬರ ವ್ಯವಹಾರಕ್ಕೆ ನಿಮ್ಮ ಖಾತೆ ಕೊಡಬೇಡಿ. ದುಡ್ಡು ಬ್ಯಾಂಕಿನ ದಾರಿಯಲ್ಲೇ ಬರಲಿ. ಮೋಸ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯಾರಾದರೂ ಪೇಟೆಗಿಂತ ಹೆಚ್ಚು ಕೊಡುತ್ತೇನೆ ಎಂದು ಬಂದರೆ ಮೊದಲು ಒಂದೇ ಪ್ರಶ್ನೆ ಕೇಳಿ: ಈ ದುಡ್ಡು ಯಾರದು?