ಈರಪ್ಪನ ವಾಚು ಕಟ್ಟಿದ ಕೈ

ಭಾನುವಾರ ಬೆಳಿಗ್ಗೆ ತಾಟಿನಲ್ಲಿ ರೊಟ್ಟಿ ಆರಿ ಹೋಗಿತ್ತು. ಜಮಖಂಡಿಯ ಹೈಸ್ಕೂಲ್ ಮಾಸ್ತರ ಶಶಿಕಾಂತ ಮಾತ್ರ ಟೇಬಲ್ಲಿನ ಮೇಲೆ ನಲವತ್ತೊಂದು ಹಳೆಯ ಕೈಗಡಿಯಾರಗಳನ್ನು ಹರವಿಕೊಂಡು ಒಂದೊಂದಕ್ಕೇ ಕೀಲಿ ಕೊಡುತ್ತ ಕೂತಿದ್ದ.

"ಮನ್ಯಾಗ ಇಷ್ಟ ವಾಚ್ ಅದಾವ. ಒಂದ ದಿನರ ಯಾಳೇಕ್ಕ ಸರಿಯಾಗಿ ಉಣ್ಣಾಕ ಬಂದೀರೇನ್ರಿ?" ಎಂದಳು ಹೆಂಡತಿ ವೈಶಾಲಿ.

"ಬಂದೆ ತಡಿ" ಅಂದನೇ ಹೊರತು ಏಳಲಿಲ್ಲ. ಏಳುವುದಾದರೂ ಹೇಗೆ? ಹಿಂದಿನ ದಿನವಷ್ಟೇ ಬನಹಟ್ಟಿಯ ನೇಕಾರ ಸೋಮಲಿಂಗ ತನ್ನ ತೀರಿಹೋದ ತಂದೆ ಈರಪ್ಪನ ಎಚ್‌ಎಂಟಿ ವಾಚನ್ನು ತಂದುಕೊಟ್ಟಿದ್ದ. 1974ರಲ್ಲಿ ನೇಕಾರರ ಸಂಘದವರು ಉತ್ತಮ ಸೀರೆಗೆಂದು ಈರಪ್ಪನಿಗೆ ಕೊಟ್ಟ ಬಹುಮಾನ ಅದು. ವಾಚಿನ ಜೊತೆಗೆ ಡಬ್ಬಿ, ಪ್ರಶಸ್ತಿಪತ್ರ, ಬಹುಮಾನ ತೆಗೆದುಕೊಳ್ಳುವಾಗಿನ ಫೋಟೊ, ಎಲ್ಲವೂ ಇದ್ದವು. ಈಗ 2009ರಲ್ಲಿ ಸಂಘಕ್ಕೆ ಐವತ್ತು ತುಂಬುತ್ತಿತ್ತು. ಬರುವ ಭಾನುವಾರದ ಸಮಾರಂಭದಲ್ಲಿ ವಾಚನ್ನು ಪ್ರದರ್ಶನಕ್ಕಿಡಬೇಕು, ಅದರ ಇತಿಹಾಸದ ಚೀಟಿಯನ್ನು ಶಶಿಕಾಂತ ಬರೆಯಬೇಕು, ಆಮೇಲೆ ವಾಚು ಅವನದೇ ಎಂದು ಮಾತಾಗಿತ್ತು. ಸಂಗ್ರಹದ ಹುಚ್ಚು ಹಿಡಿದವನಿಗೆ ಇದಕ್ಕಿಂತ ಇನ್ನೇನು ಬೇಕು!

ಆದರೆ ಚರ್ಮದ ಬೆಲ್ಟು ಅವನನ್ನು ಕಾಡಿತು. ಅದರಲ್ಲಿ ಎರಡು ತೂತುಗಳು ಬಳಸಿ ಬಳಸಿ ಅಗಲವಾಗಿದ್ದವು. ಒಂದು ತುದಿಯ ಹತ್ತಿರದ್ದು. ಇನ್ನೊಂದು ತೀರ ಒಳಗಿನದು, ಆಮೇಲೆ ಯಾರೋ ಹಾಕಿಸಿದ್ದು. ಫೋಟೊದಲ್ಲಿ ಈರಪ್ಪ ಗರಡಿ ಆಳು, ಮಣಿಕಟ್ಟು ಒನಕೆಯಷ್ಟು ದಪ್ಪ. ಒಳಗಿನ ತೂತಿಗೆ ಹೊಂದುವ ಕೈ ಯಾರದು?

ಶಶಿಕಾಂತ ವಾಚಿನ ಹಿಂಬದಿಯ ಮುಚ್ಚಳ ತೆಗೆದ. ರಿಪೇರಿಯವರು ತಮ್ಮ ಗುರುತನ್ನು ಒಳಗೆ ಸೂಜಿಯಿಂದ ಗೀಚಿಡುವುದು ರೂಢಿ. ಅಲ್ಲಿದ್ದ ಗುರುತು ಅವನಿಗೆ ಪರಿಚಯದ್ದೇ, ಮುಧೋಳದ ಜಕ್ಕಪ್ಪನದು. ಮರುದಿನ ಸಾಲಿ ಬಿಟ್ಟವನೇ ಮುಧೋಳದ ಬಸ್ಸು ಹತ್ತಿದ.

ಮುದುಕ ಜಕ್ಕಪ್ಪ ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ವಾಚನ್ನು ತಿರುವಿ ನೋಡಿದ. "ಆ ಒಳಗಿನ ತೂತು ನಾನ ಹಾಕಿದ್ದರಿ ಮಾಸ್ತರ. ಈರಪ್ಪ ಮಗ್ಗದ ದಾರಕ್ಕ ಗಂಟ ಹಾಕಿ ಅಳತಿ ತಂದಿದ್ದ. ಇದ್ಯಾರ ಕೈಯೋ ಮಾರಾಯಾ, ಇಷ್ಟ ಸಣ್ಣದು ಅಂದೆ. ನಕ್ಕ, ಹೇಳಲಿಲ್ಲ."

ಬುಧವಾರ ಶಶಿಕಾಂತ ಬನಹಟ್ಟಿಗೆ ಹೋಗಿ ಇದನ್ನೆಲ್ಲ ಹೇಳಿದಾಗ ಸೋಮಲಿಂಗ ಚಹಾದ ಕಪ್ಪು ಹಿಡಿದು ನಕ್ಕುಬಿಟ್ಟ. ಅವನ ತಾಯಿ ರತ್ನಾಬಾಯಿ ನಗಲಿಲ್ಲ.

"ಸೋಮ್ಯಾ, ಬಾಗಲಾ ಮುಂದ ಮಾಡು" ಎಂದಳು. ಅವನು ಬಾಗಿಲು ಮುಚ್ಚಿದ ಮೇಲೆ ತನ್ನ ಒಣಗಿದ ಕೈಯನ್ನು ನೋಡಿಕೊಳ್ಳುತ್ತ ಹೇಳಿದಳು: "ನಿಮ್ಮಪ್ಪನ ಕೈ ನಡಗಾಕ ಹತ್ತಿದ್ವು. ಲಾಳಿ ಒಗದ್ರ ದಾರ ಹರೀತಿತ್ತು. ಸಂಘದಾಗ ಹೆಂಗಸರಿಗೆ ನೂಲು ಕೊಡತಿದ್ದಿಲ್ಲ. ಹಿಂಗಾಗಿ ಅವರ ತಮ್ಮ ಹೆಸರಲೆ ನೂಲು ತಂದ ಕೊಟ್ರು, ನಾನ ಮಗ್ಗದ ಕುಣ್ಯಾಗ ಇಳದೆ. ನಾ ನೇಯೂ ಮುಂದ ಅವರು ಮನಿ ಬಿಟ್ಟ ಹೋಗತಿದ್ದಿಲ್ಲ. ಸಪ್ಪಳ ಕೇಳಿದವರು ಈರಪ್ಪನ ನೇಯಾಕತ್ತಾನ ಅನ್ನಬೇಕಲ್ಲ. ನೀ ಸಣ್ಣಾವ, ಹೊರಗ ಬಾಯಿ ಬಿಟ್ಟೀ ಅಂತ ನಿನಗೂ ಹೇಳಲಿಲ್ಲ. ನಿನ್ನ ಸಾಲಿ ಬಿಡೋದ್ರಾಗ ನಾ ಮಗ್ಗದಿಂದ ಏಳಬೇಕಿತ್ತು. ಅದಕ್ಕ ಈ ವಾಚು ಬಂದ ಮ್ಯಾಲೆ ನನ್ನ ಕೈಗೆ ಅವರ ಕಟ್ಟತಿದ್ರು."

ಸೋಮಲಿಂಗನ ಮುಖ ಇಳಿಯಿತು. "ಅಂದ್ರ ಬಹುಮಾನದ ಸೀರಿ?"

"ನನ್ನ ಕೈದು."

ಅವನು ತಟ್ಟನೆ ಎದ್ದುನಿಂತ. "ಮಾಸ್ತರ, ಇದನ್ನ ಬರೀಬ್ಯಾಡ್ರಿ. ಹೆಂಡತಿ ದುಡಿಮಿ ಮ್ಯಾಲೆ ಹೆಸರ ತಗೊಂಡಾಂವ ಅಂತ ಸತ್ತಾವನ್ನ ಮಂದಿ ಆಡಕೋತಾರ. ಹೊಸಾ ಬೆಲ್ಟ ಹಾಕಿಬಿಡ್ರಿ. ಆಗಂಗಿಲ್ಲಂದ್ರ ವಾಚ್ ತಿರುಗಿ ಕೊಡ್ರಿ."

"ಅವರಿಗೆ ಕೆಟ್ಟ ಹೆಸರ ಬರಬಾರದಪಾ" ಎಂದಳು ರತ್ನಾಬಾಯಿ. ಮತ್ತೆ ಶಶಿಕಾಂತನ ಕಡೆ ತಿರುಗಿ, "ಆದ್ರ ಖರೇ ಹೇಳ್ತೇನ್ರಿ ಮಾಸ್ತರ, ಆ ಫೋಟೊ ನೋಡಿದಾಗೊಮ್ಮೆ ಆ ದಿನಾ ನೆನಪಾಗತೈತಿ. ಆವತ್ತ ನನ್ನ ಯಾರೂ ಕರೀಲಿಲ್ಲ. ಒಲಿ ಮುಂದ ಕುಂತ ಕಣ್ಣೀರ ಹಾಕಿದೆ" ಎಂದಳು.

ಶಶಿಕಾಂತ ವಾಚನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಎದ್ದ. ವಾಚಿನ ಆಸೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಬರುವಾಗ ಹೊಸ ಬೆಲ್ಟನ್ನೂ ತಂದ. ಚೀಟಿಯ ಮೇಲೆ 'ನೇಯ್ದವರು: ಈರಪ್ಪ' ಎಂದು ಬರೆದೂ ಬಿಟ್ಟ.

"ಹಳೇ ಬೆಲ್ಟ್ ಕಸದಾಗ ಒಗೀಲೇನ್ರಿ?" ವೈಶಾಲಿ ಕೇಳಿದಳು.

"ತಡಿ, ತಡಿ!" ಎಂದು ಅವನು ಕೂಗಿದ ರೀತಿಗೆ ಆಕೆ ಗಾಬರಿಯಾದಳು. ಹಳೆಯದೊಂದು ಮೊಳೆ ಬಿದ್ದರೂ ಹುಡುಕಿ ಎತ್ತಿಡುವ ತಾನು, ಒಬ್ಬ ಹೆಣ್ಣುಮಗಳ ಅಷ್ಟು ವರ್ಷದ ದುಡಿಮೆಯನ್ನು ಕಸದ ಬುಟ್ಟಿಗೆ ಹಾಕಲು ಹೊರಟಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಚೀಟಿಯನ್ನು ಹರಿದು ಇನ್ನೊಂದು ಬರೆದ.

ಶುಕ್ರವಾರ ವಾಚು, ಬೆಲ್ಟು, ಚೀಟಿ ಮೂರನ್ನೂ ಸೋಮಲಿಂಗನ ಕೈಯಲ್ಲಿಟ್ಟ. "ವಾಚ್ ನಿಮ್ಮದ. ನಾ ಬರದ್ರ ಇಷ್ಟ ಬರಿಯಾಂವ. ಮುಂದ ನಿಮ್ಮ ಇಚ್ಛಾ."

ಚೀಟಿಯಲ್ಲಿ ಹೀಗಿತ್ತು: 'ಸೀರೆ ನೇಯ್ದವರು ರತ್ನಾಬಾಯಿ. ನೂಲು ತಂದವರು, ಬಾಗಿಲು ಕಾಯ್ದವರು, ತಮ್ಮ ಕೈಯಾರೆ ಹೆಂಡತಿಗೆ ಈ ವಾಚು ಕಟ್ಟಿದವರು ಈರಪ್ಪ.'

ಸೋಮಲಿಂಗ ಎರಡು ಸಲ ಓದಿದ. ಚೀಟಿ ಹಿಡಿದುಕೊಂಡು ಒಳಗೆ ತಾಯಿಯ ಹತ್ತಿರ ಹೋದ. ವಾಚಿನ ಆಸೆ ಮುಗಿಯಿತು ಅಂದುಕೊಂಡೇ ಶಶಿಕಾಂತ ಊರಿಗೆ ಮರಳಿದ.

ಭಾನುವಾರ ಸಂಘದ ಸಭಾಭವನಕ್ಕೆ ಕಾಲಿಟ್ಟಾಗ ಒಂದು ಮೇಜಿನ ಸುತ್ತ ಹೆಂಗಸರ ಗುಂಪು ಸೇರಿತ್ತು. ನಡುವೆ ಸೋಮಲಿಂಗ ನಿಂತಿದ್ದ. ಓದಲು ಬಾರದವರಿಗೆ ಆ ಚೀಟಿಯನ್ನು ತಾನೇ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ರತ್ನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಡುನಡುವೆ ನಗುತ್ತ ಕೂತಿದ್ದಳು.

ಗುಂಪಿನಿಂದ ಒಬ್ಬ ಮುದುಕಿ ಕೋಲೂರಿಕೊಂಡು ಮುಂದೆ ಬಂದಳು. "ಚೀಟಿ ಬರಿಯೂ ಮಾಸ್ತರ ನೀವೇನ್ರಿ? ಎಪ್ಪತ್ತಾರನೇ ಇಸವಿ ಬಹುಮಾನದ ಸೀರಿ ನಂದು. ಅಲ್ಲಿ ಗೋಡಿ ಮ್ಯಾಲೆ ನಮ್ಮ ಮನಿಯವರ ಫೋಟೊ ಐತಿ ನೋಡ್ರಿ."

ಆಕೆಯ ಹಿಂದೆ ಇನ್ನೂ ಮೂವರು ಬಂದು ನಿಂತರು. ಸೋಮಲಿಂಗ ಕುರ್ಚಿ ಹುಡುಕಲು ಓಡಿದ. ಶಶಿಕಾಂತ ಜೇಬಿನಿಂದ ಪೆನ್ನು ತೆಗೆದು, "ಹೆಸರ ಹೇಳ್ರಿ ಯವ್ವಾ" ಎಂದ.

"ಶೇವಂತಿ" ಎಂದಳು ಆಕೆ, ಇಡೀ ಸಭಾಭವನಕ್ಕೆ ಕೇಳುವ ಹಾಗೆ.