ಯಮ್ನಾ ಕೇಳಿದ ರಕ್ತ ಪರೀಕ್ಷೆ

ಗಾಬೆಸ್ ಊರಿನ ಸಂತೆಯಲ್ಲಿ ಗೋರಂಟಿ ಪುಡಿ ಮಾರುವ ಯಮ್ನಾಳಿಗೆ ಎಪ್ಪತ್ತೊಂದು ವರ್ಷ. ಮನೆಯಿಂದ ಸಂತೆಗೆ ಹತ್ತೇ ನಿಮಿಷದ ದಾರಿ. ಈಚೆಗೆ ಅಷ್ಟು ದೂರ ನಡೆಯುವುದರೊಳಗೆ ಮೂರು ಕಡೆ ಕೂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು.

ಆಸ್ಪತ್ರೆಗೂ ಹೋಗಿ ಬಂದಿದ್ದಳು. ಅಲ್ಲಿನ ಎಳೆ ವಯಸ್ಸಿನ ಡಾಕ್ಟರು ಬೆರಳಿಗೆ ಒಂದು ಯಂತ್ರ ಸಿಕ್ಕಿಸಿ, ಅಂಕಿ ನೋಡಿ, ಉಸಿರು ಸರಿಯಾಗಿದೆ, ವಯಸ್ಸಾಯಿತಲ್ಲ ಎಂದಿದ್ದ. ನಿಮ್ಮ ಕಪ್ಪು ಜನ ಗಟ್ಟಿ ಬಿಡಿ ಎಂದು ನೋವಿನ ಮಾತ್ರೆ ಬರೆದುಕೊಟ್ಟಿದ್ದ.

ಇದನ್ನು ಕೇಳಿ ಪಕ್ಕದ ಮನೆಯ ದಲೆಂದಾಳಿಗೆ ಮೈಯೆಲ್ಲ ಉರಿಯಿತು. ನಲವತ್ತು ವರ್ಷಗಳಿಂದ ಒಂದೇ ಗೋಡೆಯ ಆಚೆ ಈಚೆ ಜಗಳವಾಡುತ್ತ, ಒಬ್ಬರ ಮಕ್ಕಳನ್ನು ಒಬ್ಬರು ಎತ್ತಿ ಆಡಿಸಿದವರು ಅವರು. ದಲೆಂದಾ ಬೆಳ್ಳಗಿದ್ದಳು.

"ನನಗೂ ನಿನಗೂ ಒಂದೇ ವಯಸ್ಸು. ಏದುಸಿರು ಅಂತ ಹೋದಾಗ ನನ್ನ ಎದೆಗೆ ವೈರು ಹಚ್ಚಿ ನೋಡಿದ ಅದೇ ಡಾಕ್ಟರು. ನಿನ್ನನ್ನ ಮಾತ್ರೆ ಕೊಟ್ಟು ಸಾಗಹಾಕಿದ್ನಾ?"

"ನಿನ್ನ ಗಂಡನ ಕಾಟ ನೋಡಿ ನಿನ್ನ ಎದೆ ಮೇಲೆ ಡಾಕ್ಟರಿಗೆ ಕನಿಕರ ಬಂದಿರಬೇಕು," ಎಂದು ಯಮ್ನಾ ನಕ್ಕಳು. ಆಮೇಲೆ ಮೆತ್ತಗೆ ಹೇಳಿದಳು, "ನಾನು ಮುದುಕಿ, ಮೇಲೆ ಕಪ್ಪು. ಎರಡೆರಡು ಬೀಗ ಹಾಕಿದ ಬಾಗಿಲು ಕಣೇ. ಎಷ್ಟು ಹೊತ್ತು ಬಡೀತಾ ನಿಲ್ಲೋದು?"

ಮಾರನೆಯ ದಿನ ಯಮ್ನಾಳ ಮನೆಗೆ ಗೋರಂಟಿ ಕೊಳ್ಳಲು ಹಾಜರ್ ಎಂಬ ನರ್ಸ್ ಬಂದಳು. ದಲೆಂದಾ ಅವಳನ್ನು ಹಿಡಿದು ಕೂರಿಸಿ ಎಲ್ಲವನ್ನೂ ಒಪ್ಪಿಸಿದಳು. ಹಾಜರ್ ಯಮ್ನಾಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಗುಳಿ ಹಾಗೇ ಉಳಿಯಿತು.

"ಚಿಕ್ಕಮ್ಮಾ, ಕಾಲಲ್ಲಿ ನೀರು ತುಂಬಿದೆ. ಇದನ್ನ ವಯಸ್ಸು ಅಂತ ಬಿಡೋ ಹಾಗಿಲ್ಲ. ಆ ಬೆರಳಿನ ಯಂತ್ರ ಕಪ್ಪು ಚರ್ಮದ ಮೇಲೆ ಒಮ್ಮೊಮ್ಮೆ ರಕ್ತದ ಆಮ್ಲಜನಕವನ್ನ ಇರೋದಕ್ಕಿಂತ ಹೆಚ್ಚು ತೋರಿಸುತ್ತೆ. ರಕ್ತ ಪರೀಕ್ಷೆ ಮಾಡಿ ಅಂತ ಕೇಳಿ. ಮೊದಲು ಏನು ಮಾಡ್ತಿದ್ರಿ, ಈಗ ಯಾವುದು ಆಗ್ತಿಲ್ಲ, ಅದನ್ನೇ ಹೇಳಿ."

ಡಾಕ್ಟರ ಹತ್ತಿರ ವಾದ ಮಾಡಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ಯಮ್ನಾ ಹಿಂಜರಿದಳು. ದಲೆಂದಾ ಕೇಳಲಿಲ್ಲ, ಜೊತೆಗೇ ಹೊರಟಳು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ದಲೆಂದಾಳ ಮುಖ ನೋಡಿ, ಯಮ್ನಾಳತ್ತ ಕೈ ತೋರಿಸಿ, ಇವಳು ನಿಮ್ಮ ಕೆಲಸದವಳೇ ಎಂದು ಕೇಳಿದ.

"ಅಲ್ಲಪ್ಪ, ಅವಳ ಕೈಚೀಲ ಹೊರೋಕೆ ಬಂದಿರೋಳು ನಾನು," ಎಂದಳು ದಲೆಂದಾ.

ಒಳಗೆ ಡಾಕ್ಟರು ಮತ್ತೆ ವಯಸ್ಸಿನ ಮಾತು ತೆಗೆದ, ಅದೂ ದಲೆಂದಾಳ ಕಡೆ ನೋಡಿಕೊಂಡು. ಬೈಸಿಕೊಳ್ಳುವ ಭಯ ಯಮ್ನಾಳಿಗೆ ಇದ್ದೇ ಇತ್ತು. ಆದರೂ ಬಾಯಿಬಿಟ್ಟಳು.

"ಡಾಕ್ಟರೇ, ಕಾಯಿಲೆ ನನಗೆ, ಇತ್ತ ನೋಡಿ. ಎರಡು ತಿಂಗಳ ಕೆಳಗೆ ಮೂಟೆ ಹೊತ್ತು ಸಂತೆಗೆ ಹೋಗ್ತಿದ್ದೆ. ಈಗ ಬರಿಗೈಲಿ ನಡೆಯೋಕಾಗಲ್ಲ. ಎರಡೇ ತಿಂಗಳಲ್ಲಿ ಅಷ್ಟೊಂದು ವಯಸ್ಸಾಗುತ್ತಾ? ರಕ್ತ ಪರೀಕ್ಷೆ ಮಾಡಿ. ಬೇಡ ಅಂದ್ರೆ, ಯಾಕೆ ಬೇಡ ಅಂತ ಚೀಟಿಯಲ್ಲಿ ಬರೆದುಕೊಡಿ."

ಡಾಕ್ಟರ ಪೆನ್ನು ನಿಂತಿತು. ಹೊಸ ಚೀಟಿ ಎಳೆದುಕೊಂಡು ರಕ್ತ ಪರೀಕ್ಷೆಗೆ ಬರೆದ.

ರಕ್ತದಲ್ಲಿ ಆಮ್ಲಜನಕ ಯಂತ್ರ ತೋರಿಸಿದ್ದಕ್ಕಿಂತ ಬಹಳ ಕಡಿಮೆಯಿತ್ತು. ಆಮೇಲೆ ಎದೆಯ ಎಕ್ಸ್‌ರೇ ತೆಗೆದು ನೋಡಿದರೆ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು. ಆರು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಮೂರನೆಯ ದಿನ ಡಾಕ್ಟರು ಹಾಸಿಗೆಯ ಬಳಿ ಸ್ಟೂಲು ಎಳೆದುಕೊಂಡು ಕೂತ. ಮೊದಲ ದಿನವೇ ನೋಡಬೇಕಿತ್ತು, ತಪ್ಪಾಯಿತು ಎಂದ.

"ನನಗೆ ಈಗ ಉಸಿರು ಬಂತು ಮಗಾ," ಎಂದಳು ಯಮ್ನಾ. "ನನ್ನ ಹಿಂದೆ ಬರೋರಿಗೆ ಮೊದಲ ದಿನವೇ ನೋಡು."

ಈಗ ಅವಳು ಉಪ್ಪು ಕಡಿಮೆ ಮಾಡಿದ್ದಾಳೆ, ಬೆಳಿಗ್ಗೆ ತಪ್ಪದೆ ಮಾತ್ರೆ ನುಂಗುತ್ತಾಳೆ. ಬೀದಿಯ ಯಾವ ಮುದುಕಿ ಆಸ್ಪತ್ರೆಗೆ ಹೊರಟರೂ ಜೊತೆಗೆ ಯಮ್ನಾ ಇರುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಹಿರಿಯರು "ಆಗ್ತಿಲ್ಲ" ಎಂದರೆ ನಂಬಿ. ಆಸ್ಪತ್ರೆಗೆ ಒಬ್ಬರನ್ನೇ ಕಳಿಸಬೇಡಿ. ಬಣ್ಣ ನೋಡಿ, ಜಾತಿ ನೋಡಿ, ನರೆಗೂದಲು ನೋಡಿ ಯಾರಾದರೂ ಸಾಗಹಾಕಿದರೆ, ಯಾವ ಪರೀಕ್ಷೆ ಮಾಡಿದಿರಿ, ಯಾವುದು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಕೇಳಿ. ಕೇಳುವುದು ಜಗಳವಲ್ಲ. ಹಿರಿಯರ ಜೀವ ಉಳಿಸುವ ಕೆಲಸ ಅದು.