ಎಡಗೈಯ ಬೋಲ್ಟು

ಡೆಲ್ಬರ್ಟನ ಭುಜಕ್ಕೆ ಆಪರೇಷನ್ ಆದ ವರ್ಷ ಅವನಿಗೆ ಒದೆತ ಕಡಿಮೆ ಇರುವ ಹೊಸ ರೈಫಲ್ ಬೇಕಾಯಿತು. ಅವನು ಇನ್ನೂ ಗಾಡಿ ಓಡಿಸುವಂತಿರಲಿಲ್ಲ. ಹಾಗಾಗಿ ಗಂಡನ ಬಂದೂಕು ಆರಿಸಲು ನಾನೂ ಹೋದೆ.

ಪೆನ್ಸಿಲ್ವೇನಿಯಾದ ನಮ್ಮ ಕಡೆ ಜಿಂಕೆ ಬೇಟೆಯ ಮೊದಲ ದಿನ ಶಾಲೆಗೇ ರಜೆ. ಡೆಲ್ಬರ್ಟನ ಮನೆಯವರ ಬೇಟೆ ಗುಡಿಸಲಿನಲ್ಲಿ ಗುರಿ ತಪ್ಪಿದವರ ಅಂಗಿಯ ತುದಿ ಕತ್ತರಿಸಿ, ಹೆಸರು ಬರೆದು ಗೋಡೆಗೆ ಮೊಳೆ ಹೊಡೆಯುತ್ತಾರೆ. ಆ ಗೋಡೆಯಲ್ಲಿ ಬೇರೆಯವರದು ಅಲ್ಲೊಂದು ಇಲ್ಲೊಂದು, ಮಿಕ್ಕಿದ್ದೆಲ್ಲ ನನ್ನದೇ. ಹೊಡೆಯಲು ಬಾರದವಳು ಒಲೆಯ ಹತ್ತಿರ ಇರಲಿ ಎಂದು ಅಡುಗೆಯೂ ನನ್ನ ತಲೆಗೇ ಬಂತು. ನನ್ನ ಕಣ್ಣೇ ಸರಿಯಿಲ್ಲ ಎಂದು ನಾನೂ ನಂಬಿಬಿಟ್ಟಿದ್ದೆ. ಸಾಯುವುದರೊಳಗೆ ಒಂದೇ ಒಂದು ಜಿಂಕೆ ಕೆಡವಿ ಇವರ ಬಾಯಿ ಮುಚ್ಚಿಸಬೇಕು ಎಂಬ ಹಟ ಮಾತ್ರ ಸತ್ತಿರಲಿಲ್ಲ.

ಬಂದೂಕಿನ ಅಂಗಡಿಯ ಹಾರ್ಲನ್ ಒಂದೊಂದೇ ತೆಗೆದಿಟ್ಟ.

"ಲಿವರ್ ನೋಡ್ತೀಯಾ, ಕೆಳಗಿನ ಹಿಡಿ ಎಳೆದು ಗುಂಡು ತುಂಬೋದು? ಹಗುರ ಇದೆ, ಪೊದೆಗಳ ಮಧ್ಯೆ ಸಲೀಸು."

"ಅದು ಕೌಬಾಯ್ ವೇಷ ಹಾಕೋರಿಗೆ ಕಣಯ್ಯ" ಎಂದ ಡೆಲ್ಬರ್ಟ್.

"ಪಂಪು? ನಳಿಕೆ ಕೆಳಗಿನ ಹಿಡಿ ಹಿಂದೆ ಮುಂದೆ ತಳ್ಳಿದ್ರೆ ಸರಸರ ಗುಂಡು."

"ಪಂಪು ಹಿಡಿಯೋನು ಮೊದಲ್ನೇ ಗುಂಡು ತಪ್ಪುತ್ತೆ ಅಂತ ಮನೇಲೇ ತೀರ್ಮಾನ ಮಾಡ್ಕೊಂಡು ಬಂದಿರ್ತಾನೆ. ನಮ್ಮನೇಲಿ ಬೋಲ್ಟು ಬಿಟ್ಟು ಇನ್ನೊಂದಿಲ್ಲ, ಒಂದೊಂದು ಗುಂಡಿಗೂ ಪಕ್ಕದ ಹಿಡಿ ಎತ್ತಿ ಎಳೆದು ತಳ್ಬೇಕು. ಒಂದು ಗುಂಡು, ಒಂದು ಜಿಂಕೆ." ನನ್ನ ಕಡೆ ಕಣ್ಣು ಮಿಟುಕಿಸಿದ. "ನಮ್ಮ ನೋರೀನ್‌ಳನ್ನ ಬಿಟ್ಟು!"

ತಾನಾಗಿ ಗುಂಡು ತುಂಬಿಕೊಳ್ಳುವ ರೈಫಲಿಗೆ ಜಿಂಕೆ ಬೇಟೆಯಲ್ಲಿ ನಿಷೇಧ, ಅದರ ಮಾತೇ ಬರಲಿಲ್ಲ. ಹಾರ್ಲನ್ ನಗಲಿಲ್ಲ. ಹಿಂದಿನ ಕಪಾಟಿನಿಂದ ಇನ್ನೊಂದು ರೈಫಲ್ ತೆಗೆದು ನನ್ನ ಕೈಗೆ ಕೊಟ್ಟ.

ನಾನು ಎಡಚಿ. ಎಡ ಭುಜಕ್ಕೆ ಏರಿಸಿದೆ. ಬೋಲ್ಟಿನ ಹಿಡಿ ಎಡಗಡೆಗೇ ಇತ್ತು! ಎತ್ತಿ, ಎಳೆದು, ತಳ್ಳಿದೆ. ಕೆನ್ನೆ ಕದಲಲಿಲ್ಲ, ಗುರಿಯೂ ಕದಲಲಿಲ್ಲ. ನನಗಿದ್ದದ್ದು ಡೆಲ್ಬರ್ಟನ ಹಳೆಯದು, ಅದರ ಹಿಡಿ ಬಲಗಡೆಗೆ. ಎರಡನೇ ಗುಂಡಿಗೆ ಎಡಗೈಯನ್ನು ಬಂದೂಕಿನ ಮೇಲಿಂದ ದಾಟಿಸಿ ಒದ್ದಾಡುವುದರೊಳಗೆ ಜಿಂಕೆ ಗುಡ್ಡದ ಆಚೆ ಇರುತ್ತಿತ್ತು.

"ಇಂಥದ್ದು ಯಾವಾಗಿಂದ ಬರ್ತಿದೆ?" ಎಂದೆ.

"ನಾನು ಅಂಗಡಿ ಹಾಕೋಕೂ ಮುಂಚೆಯಿಂದ. ನಿಮ್ಮ ಮದುವೆಯಾದ ವರ್ಷ ನಿಮಗೇ ಅಂತ ಒಂದು ತರಿಸಿದ್ದೆ. ಬೇಡ ಅಂದ ಡೆಲ್ಬರ್ಟ್. ನಿಮಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ."

ಡೆಲ್ಬರ್ಟ್ ಒಂದು ತೋಟಾ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದ.

ಅವನು ಯಥಾಪ್ರಕಾರ ಬೋಲ್ಟನ್ನೇ ಕೊಂಡ, ಸ್ವಲ್ಪ ಸಣ್ಣ ಗುಂಡಿನದು. ನಾನು ಎಡಗೈಯದನ್ನು ಕೊಂಡೆ. ಗಾಡಿಯಲ್ಲಿ ಕೇಳಿಯೇಬಿಟ್ಟೆ.

"ಯಾಕೆ ಬೇಡ ಅಂದೆ?"

"ಅಯ್ಯೋ, ತಮಾಷೆಗೆ ಕಣೇ. ನೀನು ತಪ್ಪಿದ್ರೇನೇ ಅಲ್ವಾ ಎಲ್ರಿಗೂ ಮಜಾ? ನನ್ನ ತಮ್ಮ ರಸೆಲ್ ಅಂತೂ ವರ್ಷವಿಡೀ ಕತ್ತರಿ ಮಸೀತಾ ಕೂತಿರ್ತಾನೆ."

"ಮತ್ತೆ ನಾನು?"

"ನೀನೂ ನಗ್ತಿದ್ದೆ."

ನಗುತ್ತಿದ್ದೆ, ನಿಜ. ಅದನ್ನು ನೆನೆದೇ ಇನ್ನೂ ಹೆಚ್ಚು ಸಿಟ್ಟು ಬಂತು. ಅವನು ರೇಡಿಯೋ ಹಾಕಿಕೊಂಡ.

ಬೇಟೆಯ ಮೊದಲ ದಿನ ಬೆಳಕು ಸರಿಯಾಗಿ ಹರಿದ ಮೇಲೆ ಹಳ್ಳದ ಆಚೆಯಿಂದ ಒಂದು ಗಂಡು ಜಿಂಕೆ ಏರಿ ಬಂತು. ಆತುರಪಟ್ಟೆ. ಮೊದಲ ಗುಂಡು ಯಾವುದೋ ಕೊಂಬೆಗೆ ಬಿತ್ತು. ಜಿಂಕೆ ಬೆಚ್ಚಿ ನಾಲ್ಕು ನೆಗೆತ ನೆಗೆದು, ತಿರುಗಿ ನಿಂತು ನೋಡಿತು. ಅಷ್ಟರಲ್ಲಿ ನನ್ನ ಬೋಲ್ಟು ಹೋಗಿ ಬಂದಿತ್ತು. ಎರಡನೆಯದಕ್ಕೆ ನಿಂತಲ್ಲೇ ಕುಸಿಯಿತು. ಖುಷಿಗೋ ಸಿಟ್ಟಿಗೋ, ಅಲ್ಲೇ ಹಿಮದಲ್ಲಿ ಕೂತು ಅತ್ತುಬಿಟ್ಟೆ.

ಸದ್ದು ಕೇಳಿ ಡೆಲ್ಬರ್ಟನೂ ಅವನ ತಮ್ಮ ರಸೆಲ್ಲನೂ ಏದುಸಿರು ಬಿಡುತ್ತಾ ಬಂದರು. ರಸೆಲ್ ಜಿಂಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ನೀವೇನಾ ಅತ್ತಿಗೆ? ಎಲ್ಲಿ, ಆ ಬಂದೂಕು ಕೊಡಿ ಇಲ್ಲಿ!"

ಒಳಗಿನ ಗುಂಡು ತೆಗೆದು ಬಂದೂಕು ಕೊಟ್ಟೆ. ಅವನು ಬೋಲ್ಟು ಎಳೆದು ನೋಡಿ ಅಣ್ಣನಿಗೆ ದಾಟಿಸಿದ. ಡೆಲ್ಬರ್ಟ್ ನಳಿಕೆಯ ಮೇಲೆ ಕೈಯಾಡಿಸಿದ.

"ಬಂದೂಕು ಅಂದ್ರೆ ಹೀಗಿರ್ಬೇಕು ನೋಡು. ಯಾರ ಕೈಗೆ ಕೊಟ್ರೂ ಹೊಡೆಯುತ್ತೆ."

ರಸೆಲ್ ತಲೆಯಾಡಿಸಿದ. ಇಷ್ಟು ವರ್ಷ ತಪ್ಪಿದ್ದು ನಾನು. ಇವತ್ತು ಹೊಡೆದದ್ದು ಮಾತ್ರ ಬಂದೂಕು.

"ಹಂಗಾದ್ರೆ ಜಿಂಕೇನ ಎಳ್ಕೊಂಡು ಬಾ ಅಂತ ಆ ಬಂದೂಕಿಗೇ ಹೇಳಿ" ಎಂದೆ.

ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕರು. ನಾನು ನಗಲಿಲ್ಲ. ಕೊಂಬಿಗೆ ಹಗ್ಗ ಬಿಗಿದು ಇಳಿಜಾರಿನಲ್ಲಿ ಒಬ್ಬಳೇ ಎಳೆಯತೊಡಗಿದೆ. ಹಿಂದೆ ಅವರು ಇನ್ನೂ ಬಂದೂಕನ್ನು ಹೊಗಳುತ್ತಲೇ ಇದ್ದರು.